ಪೈಲ್ವಾನನಿಗೆ ಎರಡು ಮುದ್ದೆ

"ನಾಯಿಗಳೆಂದರೆ ನನಗೆ ಪ್ರಾಣ, ಅದಕ್ಕೇ ಈ ಕೆಲಸಕ್ಕೆ ಬಂದೆ" ಎಂದು ಹೊಸಬರು ಯಾರಾದರೂ ಹೇಳಿದರೆ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, "ಮುದ್ದೆ ತಿರುವೋಕೆ ಬರುತ್ತಾ?" ಎಂಬುದು. ಹೆಚ್ಚಿನವರು ನಕ್ಕುಬಿಡುತ್ತಿದ್ದರು. ನಕ್ಕವರಲ್ಲಿ ಬಹಳ ಜನ ಮೊದಲ ಸಂಬಳ ಎಣಿಸಿಕೊಂಡು ಬೇರೆ ಕೆಲಸ ಹುಡುಕಿಕೊಂಡು ಹೋದರು. ನಾಯಿಗಳ ಆಶ್ರಯ ಕೇಂದ್ರವೆಂದರೆ ನಾಯಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿವಿ ಸವರುವ ಜಾಗ ಅಂತ ಯಾರೋ ಅವರ ತಲೆಗೆ ತುಂಬಿರುತ್ತಾರೆ. ಅಲ್ಲ ಸ್ವಾಮಿ. ಅದು ಮೊದಲು ಅಡುಗೆಮನೆ. ಆಮೇಲೆ ಕಕ್ಕಸು ತೊಳೆಯುವ ಜಾಗ. ಸಮಯ ಉಳಿದರೆ ನಾಯಿಗೆ ಮನೆ ಹುಡುಕಿಕೊಡುವ ಮದುವೆ ದಲ್ಲಾಳಿಯ ಕಚೇರಿ. ಈ ಮೂರನೆಯದನ್ನು ನಾವು ಹೇಗೆ ಕೆಡಿಸಿದೆವು, ಹೇಗೆ ಕಲಿತೆವು ಎಂದು ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದ ಆರಂಭದಲ್ಲಿ, ಮೇಲ್ವಿಚಾರಕನಾಗಿ. ನಿವೃತ್ತನಾದದ್ದೂ ಮೇಲ್ವಿಚಾರಕನಾಗಿಯೇ. ಹಾಗಾಗಿ ಬಡ್ತಿಯ ಕಥೆ ಹೇಳಿ ನಿಮ್ಮ ತಲೆ ತಿನ್ನುವ ಭಯವಿಲ್ಲ. ನಮ್ಮ ಕೇಂದ್ರ ಇದ್ದದ್ದು ಮೈಸೂರಿನ ಬೆಟ್ಟದ ತಪ್ಪಲಿನ ಕಡೆ, ಸಿಟಿ ಬಸ್ಸಿನ ಕೊನೆಯ ಸ್ಟಾಪಿನಿಂದಲೂ ಇನ್ನಷ್ಟು ದೂರ ನಡೆಯಬೇಕಾದ ಜಾಗದಲ್ಲಿ. ಬೋರ್ಡಿನ ಮೇಲೆ ಉದ್ದನೆಯ ಹೆಸರಿತ್ತು. ಕಂಡಕ್ಟರುಗಳು ಮಾತ್ರ "ಯಾರ್ರೀ ನಾಯಿಮನೆ, ಇಳೀರಿ" ಎನ್ನುತ್ತಿದ್ದರು. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆತನ. ತಂದೆ ಸಂತೇಪೇಟೆಯಲ್ಲಿ ಬೆಲ್ಲದ ವ್ಯಾಪಾರ ಮಾಡಿಕೊಂಡಿದ್ದವರು. ಮಗ ನಾಯಿ ತೊಳೆಯುವ ಕೆಲಸಕ್ಕೆ ಸೇರಿದ ಎಂದು ತಿಳಿದು ನಮ್ಮವ್ವ ನನ್ನೊಂದಿಗೆ ಮಾತು ಬಿಟ್ಟಳು. ಆಮೇಲೆ ಒಂದು ಸಂಜೆ, "ಏನಾರ ಮಾಡ್ಕೊ. ಹಿತ್ತಿಲಲ್ಲಿ ಸ್ನಾನ ಮಾಡ್ದೆ ಒಳಗೆ ಕಾಲಿಟ್ಟೆ ಅಂದ್ರೆ ನೋಡು ಮತ್ತೆ" ಎಂದು ಒಪ್ಪಂದಕ್ಕೆ ಬಂದಳು. ಕೆಲವು ವರ್ಷ ಕಳೆದ ಮೇಲೆ ಹಬ್ಬದ ಹೋಳಿಗೆ ಮಿಕ್ಕರೆ, "ತಗೊಂಡೋಗು, ನಿನ್ ಮಕ್ಕಳಿಗೆ" ಎಂದು ಕಟ್ಟಿಕೊಡುವಷ್ಟು ಕರಗಿದ್ದಳು.

ಆಗ ನಾಯಿ ಹಿಡಿಯುವುದೆಂದರೆ ಹಗ್ಗ, ಗೋಣಿಚೀಲ ಮತ್ತು ಧೈರ್ಯ. ಬಲೆ, ಅರಿವಳಿಕೆ, ಮರಿಯಾಗದಂತೆ ಮಾಡುವ ಆಪರೇಷನ್ನು ಎಲ್ಲ ಆಮೇಲೆ ಬಂದವು. ಸೇರಿದ ಹೊಸದರಲ್ಲಿ ಅಗ್ರಹಾರದ ಕಡೆಯ ಗಲ್ಲಿಯೊಂದರಲ್ಲಿ ಕೊಳಕು ಬಿಳಿ ನಾಯಿಯೊಂದು ದಿಕ್ಕಿಲ್ಲದೆ ಅಲೆಯುತ್ತಿದೆ ಎಂದು ಯಾರೋ ಹೇಳಿದರು. ನಾನು ಬಿಸ್ಕತ್ತು ತೋರಿಸಿದೆ, ಅದು ತಾನಾಗಿಯೇ ವ್ಯಾನು ಹತ್ತಿತು. ನನ್ನ ಕೈಗುಣದ ಬಗ್ಗೆ ನನಗೇ ಹೆಮ್ಮೆಯಾಯಿತು. ಸಂಜೆ ಕರಿ ಕೋಟಿನ ವಕೀಲರೊಬ್ಬರು ಗೇಟಿನ ಮುಂದೆ ನಿಂತು, "ನನ್ನ ಕಕ್ಷಿದಾರನನ್ನ ಯಾವ ಆಧಾರದ ಮೇಲೆ ಬಂಧಿಸಿದ್ದೀರಿ?" ಎಂದು ಕೇಳಿದರು. ಅದು ಅವರ ಮನೆಯ ನಾಯಿ. ದಿನವೂ ಮಧ್ಯಾಹ್ನ ಒಂದು ಸುತ್ತು ಹೋಗಿ ಬರುವುದು ಅದರ ಪದ್ಧತಿ. ನಾನು ಸ್ನಾನ ಮಾಡಿಸಿದ್ದರಿಂದ ಅವರಿಗೂ ಗುರುತು ಸಿಗಲಿಲ್ಲ, ಅದೇ ಓಡಿಬಂದು ಅವರ ಕೋಟನ್ನು ಹಿಡಿದುಕೊಂಡಿತು. ಅಂದಿನಿಂದ ಯಾವ ನಾಯಿಯನ್ನೂ ಆ ಬೀದಿಯ ನಾಲ್ಕು ಮನೆಯ ಬಾಗಿಲು ತಟ್ಟಿ ಕೇಳದೆ ಮುಟ್ಟಲಿಲ್ಲ. ನೀವೂ ಮುಟ್ಟಬೇಡಿ.

ಇನ್ನು ನಮ್ಮ ಮೇಲಿನವರು. ಕೇಂದ್ರದ ಕಾರ್ಯದರ್ಶಿ ಮೇಡಂ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೆಡ್‌ಮಿಸ್ಸಾಗಿದ್ದು ನಿವೃತ್ತರಾದವರು. ಶಾಲೆ ಬಿಟ್ಟಿದ್ದರೂ ಪ್ರಾರ್ಥನೆಯ ಸಾಲು ಅವರನ್ನು ಬಿಟ್ಟಿರಲಿಲ್ಲ. ಬೆಳಗ್ಗೆ ಬಂದವರೇ ಕೈ ಹಿಂದೆ ಕಟ್ಟಿ ಗೂಡುಗಳ ಮುಂದೆ ನಡೆದು ಒಂದೊಂದು ನಾಯಿಯ ಉಗುರು, ಕಿವಿ ನೋಡುತ್ತಿದ್ದರು. ಯಾವುದಾದರೂ ಬೊಗಳಿದರೆ ನಿಂತು, ಕನ್ನಡಕದ ಮೇಲಿಂದ ಅದನ್ನೇ ದಿಟ್ಟಿಸುತ್ತಿದ್ದರು. ಹೃದಯ ಮಾತ್ರ ಬೆಣ್ಣೆ. ನಾಯಿ ಸತ್ತ ದಿನ ಅವರು ಆಫೀಸಿನ ಬಾಗಿಲು ಹಾಕಿಕೊಂಡು ಅಳುತ್ತಿದ್ದದ್ದು ನಮಗೆಲ್ಲ ಗೊತ್ತಿತ್ತು, ನಾವು ಗೊತ್ತಿಲ್ಲದವರಂತೆ ಇರುತ್ತಿದ್ದೆವು. ಅವರದೊಂದೇ ಕೊರಗು. ನಾಯಿ ಸಾಕಲು ಬಯಸಿ ನೋಡುವುದಕ್ಕೆ ಬಂದವರ ಮುಂದೆ ನಮ್ಮ ನಾಯಿಗಳು ಒಟ್ಟಿಗೆ ಬೊಗಳಿ, ಹಾರಿ, ಬಟ್ಟೆ ಹಿಡಿದೆಳೆದು ರಂಪ ಮಾಡುತ್ತಿದ್ದವು. ಬಂದವರು ಗೇಟಿನಿಂದಲೇ ನಮಸ್ಕಾರ ಹಾಕುತ್ತಿದ್ದರು. "ಏನ್ರೀ ಮಹದೇವಪ್ಪ, ಶಿಸ್ತೇ ಇಲ್ವಲ್ರೀ" ಎಂದು ಮೇಡಂ ನನ್ನನ್ನು ಬೈಯುತ್ತಿದ್ದರು. ನಾನು ಹೋಗಿ ಅಡುಗೆಯ ನಂಜಮ್ಮನ ಮುಂದೆ ಗೊಣಗುತ್ತಿದ್ದೆ.

ನಂಜಮ್ಮ ನಂಜನಗೂಡಿನ ಕಡೆಯ ಒಕ್ಕಲು ಮನೆತನದವಳು. ನಾಯಿಗಳ ಅಡುಗೆಯೆಲ್ಲ ಅವಳದೇ. ಉಪ್ಪಿಲ್ಲದ ರಾಗಿ ಮುದ್ದೆ, ಅದಕ್ಕೆ ಎಲುಬು ಬೇಯಿಸಿದ ನೀರು. ನನ್ನ ಮನೆತನ ನೋಡಿಕೊಂಡು ಅವಳೇ ಕೆಲಸ ಹಂಚಿದ್ದಳು: ಎಲುಬಿನ ಪಾತ್ರೆ ಅವಳದು, ಮುದ್ದೆ ಕೋಲು ನನ್ನದು. ನನ್ನ ಗೊಣಗಾಟವನ್ನು ಕೇಳಿ ಕೇಳಿ ಅವಳೊಂದು ದಿನ, "ಅಯ್, ಅದಕ್ಯಾಕಣ್ಣ ಇಷ್ಟು ಯೋಚ್ನೆ? ನೋಡೋಕ್ ಬರೋ ಹೊತ್ಗೆ ಮುಂಚೆ ಒಟ್ಟೆ ಬಿರಿಯಂಗೆ ಮುದ್ದೆ ಇಕ್ಬುಡದು. ನಮ್ ಭಾವ ಎಲ್ಡು ಮುದ್ದೆ ಉಂಡ್ಮೇಲೆ ಮನೆಗೆ ಬೆಂಕಿ ಬಿದ್ರೂ ಏಳಕಿಲ್ಲ. ನಾಯಿಗೊಂದು ಭಾವಂಗೊಂದಾ?" ಎಂದಳು.

ಅಂದಿನಿಂದ ನೋಡುವವರಿಗೆ ಮಧ್ಯಾಹ್ನದ ಸಮಯ ಗೊತ್ತುಮಾಡಿದೆವು. ಅದಕ್ಕೆ ಸ್ವಲ್ಪ ಮುಂಚೆ ಊಟ. ಬಂದವರು ನೋಡಿದರೆ, ಗೂಡಿಗೊಬ್ಬೊಬ್ಬ ಋಷಿ. ಒಂದು ನಿಧಾನವಾಗಿ ಬಾಲ ಆಡಿಸುವುದು, ಇನ್ನೊಂದು ಆಕಳಿಸುವುದು, ಮತ್ತೊಂದು ಅಂಗಾತ ಮಲಗಿ ಹೊಟ್ಟೆ ತೋರಿಸುವುದು. "ನೋಡಿ, ಈಗ ಶಿಸ್ತು ಬಂತು" ಎಂದು ಮೇಡಂ ನನ್ನ ಬೆನ್ನು ತಟ್ಟಿದರು. ಮುದ್ದೆಯ ವಿಷಯ ಅವರಿಗೆ ಹೇಳುವ ಅಗತ್ಯ ನಮಗೆ ಕಾಣಲಿಲ್ಲ. ಮೊದಲೇ ಸಾಧುವಾಗಿದ್ದ ನಾಯಿಗಳು ಹೋದ ಮನೆಯಲ್ಲೂ ಸಾಧುವಾಗಿಯೇ ಉಳಿದವು, ನಮ್ಮ ಉಪಾಯಕ್ಕೆ ಹೆಸರು ಬಂತು. ಹೀಗಿರುವಾಗ ಬಂದವನು ಪೈಲ್ವಾನ.

ಹಳೆಯ ಗರಡಿಮನೆಯೊಂದರ ಬಾಗಿಲಲ್ಲಿ ಯಾರೋ ಬಿಟ್ಟುಹೋಗಿದ್ದ ಮರಿ ಅದು, ಅದಕ್ಕೇ ಆ ಹೆಸರು. ಬೆಳೆಯುತ್ತ ಹೆಸರಿಗೆ ತಕ್ಕವನೇ ಆದ. ಕಂದು ಮೈ, ಬಿಳಿ ಎದೆ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಚಿದ್ದು. ಯಾರನ್ನು ಕಂಡರೂ ಅವನಿಗೆ ಕಳೆದುಹೋದ ನೆಂಟ ಸಿಕ್ಕಷ್ಟು ಸಂತೋಷ. ಓಡಿಬಂದು ಮುಂಗಾಲು ಎರಡನ್ನೂ ಹೆಗಲ ಮೇಲೆ ಹಾಕಿ, ಎದುರಿಗಿದ್ದವರನ್ನು ನೆಲಕ್ಕೆ ಕೆಡವಿ, ಆಮೇಲೆ ಕ್ಷಮೆ ಕೇಳುವಂತೆ ಮುಖವೆಲ್ಲ ನೆಕ್ಕುತ್ತಿದ್ದ. ಪೋಸ್ಟ್‌ಮನ್ನನನ್ನು ಕೆಡವಿದ, ಡಾಕ್ಟರನ್ನು ಕೆಡವಿದ, ನನ್ನನ್ನಂತೂ ದಿನಾ ಕೆಡವುತ್ತಿದ್ದ. ಕಚ್ಚುವುದು ಹಾಗಿರಲಿ, ಗುರ್ ಎಂದದ್ದನ್ನೂ ನಾನು ಕೇಳಲಿಲ್ಲ. ನಿಜ ಹೇಳುತ್ತೇನೆ, ನನ್ನ ಇಡೀ ಸರ್ವೀಸಿನಲ್ಲಿ ನಾನು ಅಷ್ಟು ಪ್ರೀತಿಸಿದ ನಾಯಿ ಇನ್ನೊಂದಿಲ್ಲ. ಆದರೆ ಗೂಡಿನ ಬಾಗಿಲು ಹಾಕಿದ ಮೇಲೆ ಅವನು ಸುಮ್ಮನೆ ಕುಳಿತು ರಸ್ತೆಯನ್ನೇ ನೋಡುತ್ತಿದ್ದ. ಅದನ್ನು ನೋಡುವುದು ನನ್ನ ಕೈಲಾಗುತ್ತಿರಲಿಲ್ಲ. ಅವನಿಗೊಂದು ಮನೆ ಬೇಕಿತ್ತು.

ಮೊದಲು ಬಂದವರು ಯಾದವಗಿರಿಯ ರಾಯರು, ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಮುದ್ದೆ ಉಂಡು ಕಣ್ಣು ಅರೆಮುಚ್ಚಿ ಮಲಗಿದ್ದ ಪೈಲ್ವಾನನನ್ನು ನೋಡಿ, "ಎಂಥ ಸಾತ್ವಿಕ ಮುಖ ರೀ ಇದು! ನಮ್ಮ ಬೀದಿಗೆ ಹೇಳಿ ಮಾಡಿಸಿದ ಹಾಗಿದೆ" ಎಂದರು. ನಂಜಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ನಾನು ಗಂಭೀರವಾಗಿ ತಲೆ ಆಡಿಸಿದೆ. ಕಾರಿನ ಹಿಂದಿನ ಸೀಟಿನಲ್ಲಿ ಹಾಸಿದ್ದ ಜಮಖಾನದ ಮೇಲೆ ಪೈಲ್ವಾನ ಗೊರಕೆ ಹೊಡೆಯುತ್ತ ಹೊರಟ.

ಅದು ದಸರಾ ಸಮಯ ಎಂಬುದು ನಮ್ಮ ತಲೆಗೆ ಹೊಳೆಯಲಿಲ್ಲ. ಮುದ್ದೆ ಕರಗಿದ ಮಾರನೆಯ ಬೆಳಗ್ಗೆ ಅವನು ಎದ್ದು ನೋಡಿದರೆ, ನಡುಮನೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೊಂಬೆ ಕೂರಿಸಿದ್ದಾರೆ. ಅಷ್ಟೊಂದು ಜನ ಒಟ್ಟಿಗೆ ತನ್ನನ್ನೇ ನೋಡುತ್ತ ಕುಳಿತಿದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಎಲ್ಲರನ್ನೂ ಮಾತಾಡಿಸಲು ಮೆಟ್ಟಿಲು ಹತ್ತಿದ. ಸಂಜೆ ರಾಯರ ಕಾರು ಬಂದಾಗ ಮುಂದಿನ ಸೀಟಿನಲ್ಲಿ ಪೈಲ್ವಾನ ಕುಳಿತಿದ್ದ, ರಾಯರ ಹೆಂಡತಿ ಹಿಂದೆ ಮುದುಡಿಕೊಂಡಿದ್ದರು, ಅವರ ಮಡಿಲಲ್ಲಿ ಅಜ್ಜಿಯ ಕಾಲದ ಮರದ ಪಟ್ಟದ ಗೊಂಬೆಗಳಿದ್ದವು. ರಾಣಿ ಕ್ಷೇಮ. ರಾಜನ ಒಂದು ಕಾಲು ಮೊಣಕಾಲಿನವರೆಗೆ ಇಲ್ಲ. "ಇದು ಸಾತ್ವಿಕ ಅಂದ್ರಲ್ರೀ!" ಎಂದು ರಾಯರು ಕೂಗಿದರು. ಹಾಗೆಂದವರು ಅವರೇ. ಆದರೆ ಆ ಹೊತ್ತಿನಲ್ಲಿ ಅದನ್ನು ನೆನಪಿಸುವಷ್ಟು ದಡ್ಡ ನಾನಲ್ಲ.

ಬುದ್ಧಿ ಬರಬೇಕಿತ್ತು, ಬರಲಿಲ್ಲ. ಯಾದವಗಿರಿಯಂಥ ಮೆತ್ತನೆಯ ಜಾಗ ಅವನಿಗೆ ಆಗಿಬರಲಿಲ್ಲ, ಕಾವಲಿನ ಕೆಲಸವಾದರೆ ಸರಿ ಎಂದುಕೊಂಡೆವು. ಮತ್ತೆ ಮುದ್ದೆ ಹಾಕಿಯೇ ಸಿದ್ದರಾಜುವಿಗೆ ಕೊಟ್ಟೆವು. ಸಿದ್ದರಾಜು ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸದವನು, ಅಲ್ಲೇ ಹತ್ತಿರ ಸಣ್ಣ ಮನೆ. ಅವನು ಕೆಲಸಕ್ಕೆ ಹೊರಟರೆ ಪೈಲ್ವಾನನೂ ಹೊರಟ. ಶಿಫ್ಟಿನವರ ಬಸ್ಸು ಬಂದಾಗ ಎಲ್ಲರೊಂದಿಗೆ ಸಾಲಿನಲ್ಲಿ ನಿಂತು ಹತ್ತಿದ. ಗೇಟಿನ ಸೆಕ್ಯುರಿಟಿಯವನನ್ನು ಕೆಡವಿ ಮುಖ ನೆಕ್ಕಿ, ಒಳಗೆ ಹೋಗಿ, ಕ್ಯಾಂಟೀನಿನಲ್ಲಿ ತಿಂಡಿ ಮುಗಿಸಿ, ಕೆಲಸ ಬಿಟ್ಟವರೊಂದಿಗೆ ಬಸ್ಸಿನಲ್ಲೇ ವಾಪಸು ಬಂದ. ದಿನಾ ಇದೇ ಆಯಿತು. ಸಿದ್ದರಾಜು ಕೈಮುಗಿದ. "ಸಾ, ಮನೆ ಕಾಯೋ ನಾಯಿ ಕೊಡಿ ಅಂದ್ರೆ ಡ್ಯೂಟಿಗೋಗೋ ನಾಯಿ ಕೊಟ್ಟಿದ್ದೀರಲ್ಲ! ಸೂಪ್ರವೈಜರು ನನ್ನೇ ಬಯ್ತಾವ್ರೆ. ಕಳ್ಳ ಬಂದ್ರೆ ಇವನೇ ಬಾಗಿಲು ತೆಗೀತಾನೆ ಕಣ್ರೀ."

ಎರಡನೆಯ ಸಲ ವಾಪಸು ಬಂದ ಮೇಲೆ ನಗು ಕಡಿಮೆಯಾಯಿತು. ಗೂಡುಗಳೆಲ್ಲ ಭರ್ತಿಯಾಗಿದ್ದವು. ಗಾಡಿಗೆ ಸಿಕ್ಕಿ ಬಂದ ನಾಯಿಗಳನ್ನು ಅಡುಗೆಮನೆಯ ಜಗುಲಿಯಲ್ಲಿ ಮಲಗಿಸುವಂತಾಗಿತ್ತು. ಗಟ್ಟಿಮುಟ್ಟಾದ ನಾಯಿಗಳನ್ನು ಕೇಳಿದವರಿಗೆ ಕೊಟ್ಟು ಜಾಗ ಮಾಡಿ ಎಂದು ಕೇಂದ್ರ ನಡೆಸುವ ಕಮಿಟಿಯವರು ಮೇಡಂಗೆ ಹೇಳಿದರು. ಅದೇ ಹೊತ್ತಿಗೆ ಗೋಡೌನಿನ ಮಾಲೀಕರೊಬ್ಬರು ಬಂದು ಪೈಲ್ವಾನನ ಎದೆ, ಕಾಲು ನೋಡಿ, "ಸೋಮವಾರ ಬಂದು ತಗೊಂಡೋಗ್ತೀನಿ. ಚೈನು ನಾನೇ ತರ್ತೀನಿ" ಎಂದರು. ಎಷ್ಟು ಹೊತ್ತು ಕಟ್ಟಿಹಾಕ್ತೀರಿ ಎಂದು ಕೇಳಿದೆ. "ಗೋಡೌನ್ ನಾಯೀನ ಬಿಡ್ತಾರೇನ್ರೀ?" ಎಂದು ಅವರು ನಕ್ಕರು. ಕೆಟ್ಟ ಮನುಷ್ಯರೇನಲ್ಲ, ಅವರಿಗೆ ನಾಯಿಯೆಂದರೆ ಬೀಗದ ಹಾಗೆ ಅಷ್ಟೇ. ಮೇಡಂ ಮುಖ ಆಚೆ ತಿರುಗಿಸಿ ಒಪ್ಪಿಗೆ ಕೊಟ್ಟರು. ಆ ಮಧ್ಯಾಹ್ನ ನಂಜಮ್ಮನೂ ನಾನೂ ಊಟ ಮಾಡಲಿಲ್ಲ. ಬಸ್ಸು ಹತ್ತಿ ಕೆಲಸಕ್ಕೆ ಹೋಗುವ ನಾಯಿಯನ್ನು ಗೋಡೆಗೆ ಕಟ್ಟಿಹಾಕಿದರೆ ಅದು ಎಷ್ಟು ದಿನ ನಾಯಿಯಾಗಿ ಉಳಿದೀತು?

ಶನಿವಾರ ಒಂದು ಫೋನು ಬಂತು. ವಿದ್ಯಾರಣ್ಯಪುರಂನಿಂದ ಒಬ್ಬ ಹೆಂಗಸು, ಭಾನುವಾರ ನಾಯಿ ನೋಡಲು ಬರುತ್ತಾರಂತೆ. "ಮಹದೇವಪ್ಪ, ಇವನಿಗೆ ಇದೇ ಕೊನೆ ಅವಕಾಶ. ಹೇಗಾದ್ರೂ ಅವರಿಗೆ ಇಷ್ಟ ಆಗಬೇಕು" ಎಂದರು ಮೇಡಂ. ಅಷ್ಟು ಸಾಕಾಯಿತು. ಭಾನುವಾರ ನಾನು ಮುದ್ದೆ ಕೋಲು ಹಿಡಿದು ತಿರುವಿದ ತಿರುವಿಗೆ ತೋಳು ನೋವು ಬಂತು. ಯಾವಾಗಲೂ ಒಂದು ಮುದ್ದೆ ಉಣ್ಣುವವನಿಗೆ ನಂಜಮ್ಮ ತೆಂಗಿನಕಾಯಿ ಗಾತ್ರದ ಎರಡು ಮುದ್ದೆ ಇಟ್ಟಳು. "ಉಣ್ಣಪ್ಪ, ನಿನ್ ಕಾಲಿಗ್ ಬೀಳ್ತೀನಿ, ಇವತ್ತೊಂದಿನ ಮಲ್ಕೊಂಬುಡು" ಎಂದು ತಲೆ ಸವರಿದಳು. ಅವನು ಎರಡನ್ನೂ ನುಂಗಿ, ನೀರು ಕುಡಿದು, ನಿಂತಲ್ಲೇ ಕುಸಿದು ಮಲಗಿದ.

ಫೋನು ಮಾಡಿದ್ದ ಗಿರಿಜಮ್ಮ ಕೈನೆಟಿಕ್ ಸ್ಕೂಟರಿನಲ್ಲಿ ಬಂದರು. ಚುರುಕಾದ ಹೆಂಗಸು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಒಳಗೆ ನಡೆದರು. ನಾನು ಪೈಲ್ವಾನನ ಗೂಡಿನ ಮುಂದೆ ನಿಲ್ಲಿಸಿ, "ನೋಡಿ ತಾಯಿ, ಎಷ್ಟು ಶಾಂತ. ಮನೇಲಿ ಇದೆಯೋ ಇಲ್ವೋ ಅಂತಾನೇ ಗೊತ್ತಾಗಲ್ಲ" ಎಂದೆ. ಅವರ ಮುಖ ಇಳಿದುಹೋಯಿತು.

"ಅಯ್ಯೋ, ಬೇಡಿ ಸಾರ್. ಇಂಥದ್ದೊಂದು ಆಗ್ಲೇ ಮನೇಲಿದೆ."

"ಇನ್ನೊಂದು ನಾಯಿ ಇದೆಯಾ?"

"ನಾಯಿಯಲ್ಲ, ನಮ್ಮೆಜಮಾನ್ರು" ಎಂದರು. ಹೇಳತೊಡಗಿದ ಮೇಲೆ ದನಿ ಸಣ್ಣದಾಯಿತು. "ಸಕ್ಕರೆ ಕಾಯಿಲೆ ಕಣ್ರೀ. ದಿನಾ ನಡೀಲೇಬೇಕು ಅಂತ ಡಾಕ್ಟ್ರು ಹೇಳಿದಾರೆ. ಆಫೀಸಿಂದ ಬಂದು ಆ ಕುರ್ಚೀಲಿ ಕೂತ್ರೆ ಆಯ್ತು, ಟೀವಿ ನಿಂತ್ರೂ ಇವರು ಏಳಲ್ಲ. ಇವರಣ್ಣಂಗೆ ಇದೇ ಕಾಯಿಲೇಲಿ ಕಾಲು ಬೆರಳು ತೆಗೆದ್ರು. ನಂಗೆ ಭಯ ಆಗುತ್ತೆ. ನಾನು ಹೇಳಿದ್ರೆ ಜಗಳ. ನಾಯಿ ಎಳೆದ್ರೆ ಏನು ಜಗಳ ಆಡ್ತಾರೆ? ಅದಕ್ಕೇ ಎಳ್ಕೊಂಡು ಹೋಗೋ ನಾಯಿ ಹುಡುಕ್ತಿದ್ದೆ. ಇದು ಪಾಪ, ಮಲಗಲಿ ಬಿಡಿ."

ಇಡೀ ಮೈಸೂರಿನಲ್ಲಿ ಪೈಲ್ವಾನನೇ ಬೇಕಾಗಿದ್ದ ಒಂದೇ ಒಂದು ಮನೆ ನಮ್ಮ ಬಾಗಿಲಿಗೆ ಬಂದಿದೆ, ನಾವು ಅವನಿಗೆ ಎರಡು ಮುದ್ದೆ ಹಾಕಿ ಮಲಗಿಸಿದ್ದೇವೆ!

"ಇಲ್ಲ ತಾಯಿ, ಇವನು ಹಿಂಗಲ್ಲ! ಇವನಷ್ಟು ತಂಟೆ ನಾಯಿ ಎಲ್ಲೂ ಸಿಗಲ್ಲ!" ಎಂದು ಕೂಗಿದೆ. ನಂಜಮ್ಮ ಓಡಿಬಂದು ಅವನ ಕಿವಿಯ ಹತ್ತಿರ ತಟ್ಟೆ ಬಡಿದಳು. ಬೇರೆ ದಿನವಾಗಿದ್ದರೆ ಆ ಸದ್ದಿಗೆ ಅವನು ಗೋಡೆ ಹಾರುತ್ತಿದ್ದ. ನಾನು ಸೈಕಲ್ ತಂದು ಬೆಲ್ ಹೊಡೆದೆ. ಪೊರಕೆ ಆಡಿಸಿದೆ, ಅದು ಅವನ ಪರಮ ಶತ್ರು. ಪೈಲ್ವಾನ ಒಂದು ಕಣ್ಣು ತೆರೆದು, ನಮ್ಮೆಲ್ಲರನ್ನೂ ಪ್ರೀತಿಯಿಂದ ನೋಡಿ, ಬಾಲವನ್ನು ಒಮ್ಮೆ ನೆಲಕ್ಕೆ ಬಡಿದು, ಮತ್ತೆ ಗೊರಕೆ ಶುರುಮಾಡಿದ.

ಗಿರಿಜಮ್ಮ ಕೈನೆಟಿಕ್ ಕಡೆ ಹೊರಟರು. ನಂಜಮ್ಮನಿಗೆ ತಡೆಯಲಾಗಲಿಲ್ಲ. "ಅಮ್ಮಾ, ಮುದ್ದೆ ಕಣಮ್ಮ! ನಾವೇ ಎಲ್ಡು ಮುದ್ದೆ ಇಕ್ಬುಟ್ಟಿದ್ದೀವಿ! ನೋಡೋಕ್ ಬರೋರ್ಗೆಲ್ಲ ಇಂಗೇ ಮಲಗ್ಸಿ ತೋರ್ಸದು!"

"ಹೌದಾ?" ಎಂದದ್ದು ಗಿರಿಜಮ್ಮನಲ್ಲ. ನಮ್ಮ ಹಿಂದೆ ಆಫೀಸಿನ ಬಾಗಿಲಲ್ಲಿ ಮೇಡಂ ನಿಂತಿದ್ದರು. ಕನ್ನಡಕದ ಮೇಲಿನ ಆ ನೋಟ ನನ್ನ ಮೇಲೆ ಬಿತ್ತು. ಬೊಗಳಿದ ನಾಯಿಗಳು ಯಾಕೆ ಬಾಯಿ ಮುಚ್ಚುತ್ತಿದ್ದವು ಎಂದು ನನಗೆ ಅಂದು ಅರ್ಥವಾಯಿತು. "ಆ ವಿಷಯ ಆಮೇಲೆ ಮಾತಾಡೋಣ. ಈಗ ಇವರನ್ನ ಕಳಿಸಬೇಡಿ" ಎಂದಷ್ಟೇ ಹೇಳಿದರು.

ಗಿರಿಜಮ್ಮ ನಂಬಲಿಲ್ಲ. "ಎಲ್ರೂ ಅವರವರ ನಾಯಿ ಸಾಧು ಅಂತ ಹೇಳ್ತಾರೆ. ನೀವು ತಂಟೆ ಅಂತ ಆಣೆ ಮಾಡ್ತಿದ್ದೀರಿ. ಯಾವುದನ್ನ ನಂಬಲಿ?" ಆಗ ನನಗೆ ಹೊಳೆಯಿತು. ಸಾಕ್ಷಿಯಿತ್ತಲ್ಲ! ಆಫೀಸಿಗೆ ಓಡಿ ಯಾದವಗಿರಿಗೆ ಫೋನು ಮಾಡಿದೆ.

"ರಾಯರೇ, ಪೈಲ್ವಾನನ ಬಗ್ಗೆ ನೀವು ನಾಲ್ಕು ಮಾತು ಹೇಳಬೇಕು. ಏನೂ ಮುಚ್ಚಿಡಬೇಡಿ."

"ಆ ಹೆಸರೆತ್ತಬೇಡಿ!" ಎಂದವರು ಆಮೇಲೆ ತಾವೇ ಎತ್ತಿಕೊಂಡರು. ನಾನು ರಿಸೀವರನ್ನು ಗಿರಿಜಮ್ಮನ ಕೈಗೆ ಕೊಟ್ಟೆ. ಅವರ ಮುಖ ಸ್ವಲ್ಪ ಸ್ವಲ್ಪವಾಗಿ ಅರಳುವುದನ್ನು ನಾವೆಲ್ಲ ನೋಡುತ್ತ ನಿಂತೆವು. "ಹೌದಾ ಸಾರ್? ... ಗೊಂಬೇನೂನಾ? ... ನಿಮ್ಮನ್ನ ಗೇಟ್ ತನಕ ಎಳ್ಕೊಂಡು ಹೋಯ್ತಾ? ... ಕೈ ಬಿಡಿಸ್ಕೊಳ್ಳೋಕೇ ಆಗ್ಲಿಲ್ವಾ? ... ಅಬ್ಬಬ್ಬಾ! ತುಂಬಾ ಸಂತೋಷ ಸಾರ್, ತುಂಬಾ ಸಂತೋಷ!"

ರಿಸೀವರು ನನ್ನ ಕೈಗೆ ಬಂದಾಗ ರಾಯರು ದನಿ ತಗ್ಗಿಸಿ, "ಏನ್ರೀ, ಆ ಪೋಲಿ ಚೆನ್ನಾಗಿದಾನಾ? ನಮ್ಮ ರಾಜಂಗೆ ಹೊಸ ಕಾಲು ಹಾಕಿಸಿದೀನಿ. ಸ್ವಲ್ಪ ಉದ್ದ ಆಗಿಬಿಟ್ಟಿದೆ. ನೋಡಿದಾಗೆಲ್ಲ ಅವನೇ ನೆನಪಾಗ್ತಾನೆ" ಎಂದರು.

ಮಾರನೆಯ ಬೆಳಗ್ಗೆ, ಪೈಲ್ವಾನನ ಹೊಟ್ಟೆಗೆ ಏನೂ ಬೀಳುವ ಮುಂಚೆ, ಗಂಡನನ್ನು ಕರೆದುಕೊಂಡು ಬರುವುದಾಗಿ ಹೇಳಿ ಗಿರಿಜಮ್ಮ ಹೋದರು. ಮಾರನೆಯ ಬೆಳಗ್ಗೆ ಎಂದರೆ ಸೋಮವಾರ. ಗೋಡೌನಿನವರೂ ಬರುವ ದಿನ.

ಇಬ್ಬರೂ ಒಟ್ಟಿಗೇ ಬಂದರು. ಗೋಡೌನಿನ ಮಾಲೀಕರು ಕೈಯಲ್ಲಿ ಚೈನು ಹಿಡಿದು ಗೇಟು ತೆರೆಯುತ್ತಿದ್ದ ಹಾಗೇ ಕೈನೆಟಿಕ್ ನಿಂತಿತು. ಹಿಂದಿನ ಸೀಟಿನಿಂದ ಗಿರಿಜಮ್ಮನ ಗಂಡ ನಾಗರಾಜು ಕಷ್ಟಪಟ್ಟು ಇಳಿದರು. ದುಂಡನೆಯ ಮನುಷ್ಯ, ಇಳಿದದ್ದೇ ತಡ ಕೂರುವುದಕ್ಕೆ ಜಾಗ ಹುಡುಕಿದರು. "ನಾಯಿ ನೋಡೋಕೆ ನಾನ್ಯಾಕೆ ಬರ್ಬೇಕಿತ್ತು ಗಿರಿಜಾ?" ಎನ್ನುತ್ತಿದ್ದರು. ಮೇಡಂ ನನ್ನ ಕಡೆ ನೋಡಿ ತಲೆ ಆಡಿಸಿದರು. ನಾನು ಗೂಡಿನ ಬಾಗಿಲು ತೆಗೆದೆ.

ಒಂದು ರಾತ್ರಿಯ ನಿದ್ದೆ, ಎರಡು ಮುದ್ದೆಯ ಶಕ್ತಿ, ಅಂಗಳದ ತುಂಬ ಹೊಸ ಜನ. ಪೈಲ್ವಾನ ಬಂದದ್ದು ನನಗೆ ಕಾಣಲೇ ಇಲ್ಲ, ನಾಗರಾಜು ಬಿದ್ದದ್ದು ಮಾತ್ರ ಕಂಡಿತು. ಎದೆಯ ಮೇಲೆ ಕುಳಿತು ಮುಖ ನೆಕ್ಕಿ ಮುಗಿಸಿ, ಅವನು ಗೋಡೌನಿನವರ ಕಡೆ ಹಾರಿದ. ಅವರು ಬೀಳದಿರಲು ಚೈನು ಬಿಟ್ಟು ಗೇಟು ಹಿಡಿದುಕೊಂಡರು. ಚೈನು ಕಲ್ಲಿನ ಮೇಲೆ ಝಣಝಣ ಎಂದಿತು. ಅಂಥ ಚಂದದ ಆಟಿಕೆಯನ್ನು ಅವನು ಎಂದೂ ಕಂಡಿರಲಿಲ್ಲ. ಅದರ ಒಂದು ತುದಿ ಕಚ್ಚಿಕೊಂಡು ಅಂಗಳ ಸುತ್ತಿದ, ಇನ್ನೊಂದು ತುದಿ ಏಳಲು ಹೆಣಗುತ್ತಿದ್ದ ನಾಗರಾಜು ಕೈಗೆ ಸಿಕ್ಕಿತು. ಅವರು ಆಸರೆಯೆಂದು ಹಿಡಿದುಕೊಂಡರು. ಆಮೇಲೆ ಬಿಡಲು ಪುರುಸೊತ್ತಾಗಲಿಲ್ಲ. ಹಲಸಿನ ಮರ ಸುತ್ತಿ, ನೀರಿನ ತೊಟ್ಟಿ ಸುತ್ತಿ, ಗೇಟಿನಿಂದ ರಸ್ತೆಗೆ ಬಿದ್ದು ಬೆಟ್ಟದ ಕಡೆ ಇಬ್ಬರೂ ಓಡಿದರು.

"ಓಡ್ತಾ ಇದಾರೆ!" ಎಂದರು ಗಿರಿಜಮ್ಮ. ಕಣ್ಣಲ್ಲಿ ನೀರು ತುಂಬಿತ್ತು. "ಮದುವೆ ಆದಾಗಿಂದ ಇವರು ಓಡಿದ್ದನ್ನ ನಾನು ನೋಡೇ ಇರ್ಲಿಲ್ಲ ಕಣ್ರೀ."

ಗೋಡೌನಿನವರು ಅಂಗಿ ಕೊಡವಿಕೊಂಡು, "ಇದು ಕಾವಲು ಕಾಯುತ್ತೇನ್ರೀ?" ಎಂದು ಕೇಳಿದರು. "ಇಲ್ಲ. ಕಳ್ಳ ಬಂದ್ರೆ ಬಾಗಿಲು ತೆಗೆಯುತ್ತೆ" ಎಂದು ಮೇಡಂ ಗಂಭೀರವಾಗಿ ಹೇಳಿದರು. ಮಾಲೀಕರು ಚೈನನ್ನೂ ಕೇಳದೆ ಹೊರಟುಹೋದರು.

ಅಂದಿನಿಂದ ಕೇಂದ್ರದಲ್ಲಿ ಪದ್ಧತಿ ಬದಲಾಯಿತು. ನೋಡುವವರು ಬೆಳಗ್ಗೆ, ನಾಯಿಗಳು ಹಸಿದು ಕುಣಿಯುವ ಹೊತ್ತಿಗೇ ಬರಬೇಕು. ಮುದ್ದೆ ಏನಿದ್ದರೂ ಅವರು ಹೋದ ಮೇಲೆ. ಮೇಡಂ ನನ್ನನ್ನು ಕರೆದು ಬೈದದ್ದೂ ನಿಜ, ಬೈಯುತ್ತ ಬೈಯುತ್ತ ನಕ್ಕದ್ದೂ ನಿಜ. ಮೊದಮೊದಲು ಗೇಟಿನಿಂದಲೇ ನಮಸ್ಕಾರ ಹಾಕುವವರು ಹೆಚ್ಚಾದರು. ಆದರೆ ತಗೊಂಡು ಹೋದವರು ವಾಪಸು ತರುವುದು ಕಡಿಮೆಯಾಯಿತು. ಶಿಸ್ತಿನ ವಿಷಯವನ್ನು ಮೇಡಂ ಮತ್ತೆ ಎತ್ತಲಿಲ್ಲ.

ಆದರೂ ಪೈಲ್ವಾನ ಗಿರಿಜಮ್ಮನ ಮನೆ ಸೇರಿದ ಆ ವಾರ ನಮಗೆ ಸಮಾಧಾನವಿರಲಿಲ್ಲ. ಹೋದ ಕಡೆಯಿಂದೆಲ್ಲ ವಾಪಸು ಬಂದವನು ಅವನು. ರಸ್ತೆಯಲ್ಲಿ ಸ್ಕೂಟರಿನ ಸದ್ದಾದರೆ ನಾನು ಕೆಲಸ ಬಿಟ್ಟು ಗೇಟಿನ ಕಡೆ ನೋಡುತ್ತಿದ್ದೆ. ನಂಜಮ್ಮ ದಿನಾ ಅವನ ಪಾಲಿನ ಮುದ್ದೆಯನ್ನು ಎತ್ತಿಟ್ಟು, ಸಂಜೆ ಬೇರೆಯವಕ್ಕೆ ಹಾಕುತ್ತಿದ್ದಳು. "ಬಂದ್ರ್ ಬತ್ತಾನೆ, ಹಸ್ಕೊಂಡ್ ಇರಬಾರ್ದು" ಎನ್ನುವಳು. ಬರಬಾರದು ಎಂದು ಬೆಟ್ಟದ ತಾಯಿಗೆ ಹರಕೆ ಹೊತ್ತವಳೂ ಅವಳೇ.

ಭಾನುವಾರ ಬಂದೇಬಿಟ್ಟ. ಸ್ಕೂಟರಿನಲ್ಲಲ್ಲ, ನಡೆದುಕೊಂಡು. ಮುಂದೆ ಪೈಲ್ವಾನ, ಹಗ್ಗದ ಇನ್ನೊಂದು ತುದಿಯಲ್ಲಿ ಬೆವರಿನಲ್ಲಿ ತೊಯ್ದ ನಾಗರಾಜು. ನಾನು ಗೇಟಿಗೆ ಓಡಿದೆ. "ಏನಾಯ್ತು ಸಾರ್? ವಾಪಸ್ ತಂದ್ರಾ?"

"ನಾನೆಲ್ಲಿ ತಂದೆ! ಇವನು ನನ್ನ ತಂದ" ಎಂದು ಅವರು ಜಗುಲಿಯ ಮೇಲೆ ಕುಸಿದರು. "ವಿದ್ಯಾರಣ್ಯಪುರಂನಿಂದ ಎಳ್ಕೊಂಡು ಬಂದಿದಾನೆ. ಮೊದಲು ನೀರು ಕೊಡಿ." ನೀರು ಕುಡಿದ ಮೇಲೆ ಅತ್ತಿತ್ತ ನೋಡಿ, ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು. "ಸಾರ್, ಏನೋ ಮುದ್ದೆ ಹಾಕಿ ಮಲಗಿಸ್ತಿದ್ರಂತೆ. ಅದನ್ನ ಹೆಂಗ್ ಮಾಡೋದು ಸ್ವಲ್ಪ ಹೇಳ್ಕೊಡಿ. ಗಿರಿಜಂಗೆ ಗೊತ್ತಾಗೋದು ಬೇಡ."

"ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಿ ಸಾರ್" ಎಂದೆ.

ಅಷ್ಟರಲ್ಲಿ ನಂಜಮ್ಮ ಎತ್ತಿಟ್ಟಿದ್ದ ಮುದ್ದೆ ತಟ್ಟೆ ಹಿಡಿದು ಓಡಿಬಂದಳು. ನಾಗರಾಜು ಆಸೆಯಿಂದ ನೋಡಿದರು. ಪೈಲ್ವಾನ ಮೊದಲು ನಂಜಮ್ಮನನ್ನು ಕೆಡವಿದ, ಆಮೇಲೆ ನನ್ನನ್ನು. ಇಬ್ಬರ ಮುಖವನ್ನೂ ನೆಕ್ಕಿದ. ತನ್ನ ಹಳೆಯ ಗೂಡಿನವರೆಗೆ ಹೋಗಿ, ಒಳಗಿದ್ದ ಕುಂಟ ನಾಯಿಯನ್ನು ಮೂಸಿ ಮಾತಾಡಿಸಿದ. ಬಂದು ಮುದ್ದೆಯನ್ನು ಮೂಸಿದ. ಜನ್ಮದಲ್ಲಿ ಮುದ್ದೆ ಬಿಟ್ಟವನಲ್ಲ ಅವನು. ತಲೆಯೆತ್ತಿ ರಸ್ತೆಯ ಕಡೆ ನೋಡಿದ. ನಾಗರಾಜು ಕೂತಲ್ಲಿಗೆ ಬಂದು ಅವರ ಅಂಗಿಯ ತುದಿ ಹಿಡಿದು ಎಳೆದ.

"ಇದೀಗ ಕೂತೆನಲ್ಲೋ! ಆಯ್ತು ಕಣೋ, ಮನೆಗೆ ತಾನೆ, ನಡಿ" ಎಂದು ಅವರು ಎದ್ದರು. ಪೈಲ್ವಾನ ಒಮ್ಮೆಯೂ ತಿರುಗಿ ನೋಡದೆ ಊರಿನ ಕಡೆ ಹೊರಟ, ಹಿಂದಿನಿಂದ ಅವರು ಅರ್ಧ ನಡೆಯುತ್ತ ಅರ್ಧ ಓಡುತ್ತ ಹೋದರು.

ನಂಜಮ್ಮ ನೆಲದ ಮೇಲೆ ಕುಳಿತೇ ಸೆರಗಿನಿಂದ ಮುಖ ಒರೆಸಿಕೊಂಡಳು. ನೆಕ್ಕಿದ್ದನ್ನೋ ಅತ್ತದ್ದನ್ನೋ ನಾನು ಕೇಳಲಿಲ್ಲ. ನನ್ನ ಮುಖವೂ ಹಾಗೇ ಇತ್ತು.

"ನನ್ ಮುದ್ದೆ ಬುಟ್ಟು ಮನೆಗೋಗ್ಬುಟ್ಟ ಕಣಣ್ಣ" ಎಂದಳು. ಆಮೇಲೆ ಎದ್ದು, ಆ ಮುದ್ದೆಯನ್ನು ಅವನ ಗೂಡಿನಲ್ಲಿದ್ದ ಕುಂಟ ನಾಯಿಗೆ ಹಾಕಿದಳು.